ನಮ್ಮ ಬೈಲಿನ ಅಂತರ್ಜಲ ಉಳಿಸುವುದು ಹೇಗೆ? ಕಾಸರಗೋಡಿನವರಿಗೊಂದು ಸಮಗ್ರ ಮಾರ್ಗದರ್ಶಿ

ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುತ್ತದೆ. ಒಂದು ಎಕರೆ ಜಾಗದ ಮೇಲೆ ಬೀಳುವ ನೀರಷ್ಟನ್ನೇ ಲೆಕ್ಕ ಹಾಕಿದರೂ ಒಂದು ಕೋಟಿ 40 ಲಕ್ಷ ಲೀಟರ್ ಆಗುತ್ತದೆ. ಆದರೂ ಮಾರ್ಚ್ ಕಳೆಯುವ ಹೊತ್ತಿಗೆ ಬಾವಿಯ ತಳ ಕಾಣುತ್ತದೆ. ಏಪ್ರಿಲ್‌ನಲ್ಲಿ ಟ್ಯಾಂಕರ್‌ಗೆ ಕಾಯುವ ಮನೆಗಳೂ ಇವೆ. ಕೇಂದ್ರ ಅಂತರ್ಜಲ ಮಂಡಳಿಯ 2017ರ ಅಂದಾಜಿನಲ್ಲೂ 2020ರ ಅಂದಾಜಿನಲ್ಲೂ ಕಾಸರಗೋಡು ಬ್ಲಾಕ್ 'ಕ್ರಿಟಿಕಲ್' ಎಂಬ ಗುಂಪಿನಲ್ಲಿತ್ತು. ಅಂದರೆ, ವರ್ಷಕ್ಕೆ ತೆಗೆಯಬಹುದಾದ ಅಂತರ್ಜಲದಲ್ಲಿ ಶೇ. 90ಕ್ಕಿಂತ ಜಾಸ್ತಿ ತೆಗೆದಾಗಿದೆ. 100 ದಾಟಿದರೆ ಅದಕ್ಕೆ 'ಅತಿಬಳಕೆ' ಎಂಬ ಹೆಸರು.

ಇಂಥ ಸುದ್ದಿ ಬಂದಾಗ ಎರಡು ರೀತಿಯ ಉತ್ಸಾಹ ಹುಟ್ಟುತ್ತದೆ. ಕೆಲವರು ಸಿಕ್ಕಲ್ಲೆಲ್ಲ ಇಂಗುಗುಂಡಿ ತೋಡುತ್ತಾರೆ. ಕೆಲವರು ಮನವಿ ಪತ್ರ ಬರೆದು ಸಹಿ ಸಂಗ್ರಹಕ್ಕೆ ಹೊರಡುತ್ತಾರೆ. ಎರಡೂ ಬೇಕು. ಆದರೆ ಇವೆರಡಕ್ಕಿಂತ ಮೊದಲು ಆಗಬೇಕಾದ ಕೆಲಸ ಒಂದಿದೆ: ನಿಮ್ಮ ಬೈಲಿನ ನೀರನ್ನು ಅಳೆದು ಪುಸ್ತಕದಲ್ಲಿ ಬರೆಯುವುದು. ಕೈಯಲ್ಲಿ ಅಂಕೆ ಇಲ್ಲದವರ ಮಾತು ಪಂಚಾಯತಿನಲ್ಲೂ ನಿಲ್ಲುವುದಿಲ್ಲ, ಕೋರ್ಟಿನಲ್ಲೂ ನಿಲ್ಲುವುದಿಲ್ಲ. ಅದಕ್ಕೇ ಈ ಮಾರ್ಗದರ್ಶಿಯ ಅರ್ಧ ಭಾಗ ಅಳತೆಯದ್ದು.

ಇನ್ನೊಂದು ಮಾತು. ಕೆಲಸವನ್ನು ನಿಮ್ಮ ಒಬ್ಬರ ಜಾಗಕ್ಕೆ ಸೀಮಿತ ಮಾಡಬೇಡಿ. ಇಡೀ ಜಿಲ್ಲೆಯನ್ನೂ ಹೊತ್ತುಕೊಳ್ಳಬೇಡಿ. ಒಂದು ಬೈಲು (ಗುಡ್ಡೆಗಳ ನಡುವಿನ ತಗ್ಗು), ಅದರ ಎರಡು ಬದಿಯ ಗುಡ್ಡೆ, ಮೇಲಿನ ಪದವು (ಗುಡ್ಡೆಯ ತಲೆಯ ಸಪಾಟು ಜಾಗ). ಹತ್ತಿಪ್ಪತ್ತು ಮನೆ ಇದ್ದರೆ ಸಾಕು.

ಮೊದಲ ಹೆಜ್ಜೆ: ನೀರು ಎಲ್ಲಿ ನಿಂತಿದೆ ಎಂದು ತಿಳಿಯಿರಿ

ನಮ್ಮ ಗುಡ್ಡೆಯನ್ನು ಮೇಲಿಂದ ಕೆಳಗೆ ಸೀಳಿದರೆ ಸಾಮಾನ್ಯವಾಗಿ ಹೀಗೆ ಕಾಣುತ್ತದೆ. ಎಲ್ಲಕ್ಕಿಂತ ಮೇಲೆ ಗಟ್ಟಿ ಮುರಕಲ್ಲಿನ (ಜಂಬಿಟ್ಟಿಗೆಯ) ಪದರ. ಅದರ ಕೆಳಗೆ ತೂತು ತೂತಾದ ಮೆದು ಮುರಕಲ್ಲು. ಇದು ನೀರನ್ನು ಜರಡಿಯ ಹಾಗೆ ಇಳಿಸಿಬಿಡುತ್ತದೆ. ಅದರ ಕೆಳಗೆ ಜೇಡಿ ಮಣ್ಣು. ಇಲ್ಲಿ ನೀರು ತಡೆಯುತ್ತದೆ, ಅಡ್ಡಕ್ಕೆ ಹರಿದು ಗುಡ್ಡೆಯ ಬದಿಯಲ್ಲಿ ಒರತೆಯಾಗಿ ಹೊರಗೆ ಬರುತ್ತದೆ. ಇನ್ನೂ ಕೆಳಗೆ ಕಗ್ಗಲ್ಲು. ಕಗ್ಗಲ್ಲಿನ ಒಳಗೆ ನೀರು ನಿಲ್ಲಲು ಜಾಗವಿಲ್ಲ, ಬಿರುಕಿದ್ದರೆ ಮಾತ್ರ ಉಂಟು.

ಬಾವಿ ಮತ್ತು ನೀರಿಗಾಗಿ ಗುಡ್ಡೆಯ ಬದಿಯಿಂದ ಅಡ್ಡಕ್ಕೆ ಕೊರೆದ ಸುರಂಗ ಮೇಲಿನ ಮುರಕಲ್ಲಿನ ನೀರನ್ನು ಬಳಸುತ್ತವೆ. ಬೋರ್ ಕೆಳಗಿನ ಬಿರುಕಿನ ನೀರನ್ನು ಎಳೆಯುತ್ತದೆ. ಇವೆರಡರ ಸ್ವಭಾವ ಬೇರೆ. ಮುರಕಲ್ಲು ಮಳೆಗಾಲದಲ್ಲಿ ಬೇಗ ತುಂಬುತ್ತದೆ, ಆಮೇಲೆ ಅಷ್ಟೇ ಬೇಗ ತೋಡಿಗೆ ಬಸಿದು ಹೋಗುತ್ತದೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಕೈಗೆಟಕುವ ಬಾವಿ ನೀರು ಫೆಬ್ರವರಿಯಲ್ಲಿ ಪಾತಾಳಕ್ಕಿಳಿಯುವುದು ಇದರಿಂದಲೇ. ಹಾಗಾಗಿ ನಮ್ಮಲ್ಲಿ ನೀರು ಇಂಗುವುದಿಲ್ಲ ಎಂಬುದು ಅರ್ಧ ಸತ್ಯ. ಇಂಗಿದ ನೀರು ನಿಲ್ಲುವುದಿಲ್ಲ ಎಂಬುದೇ ದೊಡ್ಡ ತೊಂದರೆ. ಕಗ್ಗಲ್ಲಿನ ಬಿರುಕಿನ ನೀರು ಮಾತ್ರ ತುಂಬಾ ನಿಧಾನಕ್ಕೆ ತುಂಬುತ್ತದೆ. ಒಮ್ಮೆ ಖಾಲಿಯಾದರೆ ಒಂದು ಮಳೆಗಾಲಕ್ಕೆ ಅದು ಚೇತರಿಸಿಕೊಳ್ಳುತ್ತದೆಂದು ಹೇಳಲಾಗದು.

ಸುರಂಗದ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ಒಬ್ಬ ಮನುಷ್ಯ ನುಗ್ಗುವಷ್ಟು ಅಗಲ, ಆಳೆತ್ತರ, ಹೊರಬದಿಗೆ ಸ್ವಲ್ಪ ಇಳಿಜಾರು. ಪಂಪ್ ಬೇಡ, ಕರೆಂಟ್ ಬೇಡ, ನೀರು ತಾನಾಗಿ ಬಂದು ಕೆರೆಗೆ ಬೀಳುತ್ತದೆ. ಹಿಂದೆ ಅಡಕೆ ಮರದ ದಂಬೆಯಲ್ಲಿ ಅಂಗಳದವರೆಗೆ ಹರಿಸುತ್ತಿದ್ದರು. ಗಡಿಯಾಚೆ ಅಡ್ಯನಡ್ಕದ ಹತ್ತಿರದ ಅಮೈ ಮಹಾಲಿಂಗ ನಾಯ್ಕರು ಬೋಳು ಗುಡ್ಡೆಯಲ್ಲಿ ಒಬ್ಬರೇ ಸುರಂಗ ತೋಡಿ ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಗುಡ್ಡೆ ಕೊಡುವಷ್ಟನ್ನು ಮಾತ್ರ ಸುರಂಗ ತೆಗೆದುಕೊಳ್ಳುತ್ತದೆ. ಬೋರಿನ ಪಂಪಿಗೆ ಆ ಮಿತಿ ಇಲ್ಲ.

ಕರಾವಳಿಯ ಲೆಕ್ಕ ಬೇರೆ. ಮಂಜೇಶ್ವರ, ಉಪ್ಪಳ, ಕುಂಬಳೆ, ಮೊಗ್ರಾಲಿನ ಮರಳು ಪಟ್ಟಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿದೆ. ಸಮುದ್ರ ಮಟ್ಟಕ್ಕಿಂತ ಒಂದು ಅಡಿ ಎತ್ತರಕ್ಕೆ ಸಿಹಿನೀರಿದ್ದರೆ ಅದರ ಕೆಳಗೆ ಸುಮಾರು 40 ಅಡಿ ಸಿಹಿನೀರು ಇರುತ್ತದೆ ಎಂಬುದು ಭೂಜಲ ತಜ್ಞರ ಹಳೆಯ ಸೂತ್ರ. ಇದನ್ನು ತಿರುಗಿಸಿ ಓದಿ. ಪಂಪ್ ಹಾಕಿ ಮೇಲೆ ಒಂದು ಅಡಿ ಇಳಿಸಿದರೆ ಕೆಳಗಿನಿಂದ ಉಪ್ಪುನೀರು 40 ಅಡಿ ಮೇಲೆ ಬರಬಹುದು. ಅಲ್ಲಿನವರು ಆಳಕ್ಕೆ ಹೋಗುವ ಯೋಚನೆಯನ್ನೇ ಬಿಡಬೇಕು.

ಎರಡನೇ ಹೆಜ್ಜೆ: ಬೈಲಿನ ನಕ್ಷೆ ಬರೆಯಿರಿ

ಒಂದು ಭಾನುವಾರ ನಾಲ್ಕೈದು ಜನ ಸೇರಿ ಮೇಲಿನಿಂದ ಕೆಳಗೆ ನಡೆಯಿರಿ. ಒಬ್ಬರಾದರೂ ಹಿರಿಯರು ಜೊತೆಗಿರಲಿ. ಎಲ್ಲಿ ಒರತೆ ಇತ್ತು, ಯಾವ ಮದಕ (ಮಳೆನೀರು ನಿಲ್ಲಿಸುವ ಕೆರೆ) ಮುಚ್ಚಿಹೋಯಿತು, ತೋಡು ಹಿಂದೆ ಯಾವ ತಿಂಗಳವರೆಗೆ ಹರಿಯುತ್ತಿತ್ತು ಎಂಬುದೆಲ್ಲ ಅವರ ಬಾಯಲ್ಲೇ ಇದೆ. ಸರಕಾರಿ ಕಡತದಲ್ಲಿ ಸಿಗದ ಮಾಹಿತಿ ಇದು.

ಮೊಬೈಲ್‌ನ ಉಪಗ್ರಹ ನಕ್ಷೆಯನ್ನು ದೊಡ್ಡ ಹಾಳೆಗೆ ಪ್ರಿಂಟ್ ಹಾಕಿಸಿಕೊಂಡರೆ ಗುರುತು ಹಾಕುವುದು ಸುಲಭ. ಬಾವಿ, ಕೆರೆ, ಸುರಂಗ, ಬೋರ್, ಪಳ್ಳ (ಮಳೆನೀರು ನಿಲ್ಲುವ ಹೊಂಡ), ಮದಕ, ತೋಡಿಗೆ ಕಟ್ಟ (ತಾತ್ಕಾಲಿಕ ಒಡ್ಡು) ಹಾಕುತ್ತಿದ್ದ ಜಾಗ, ಕಲ್ಲಿನ ಕೋರೆ, ಹಟ್ಟಿ, ಶೌಚದ ಗುಂಡಿ, ಕೋಳಿ ಫಾರ್ಮ್ ಎಲ್ಲವೂ ಬರಲಿ. ಒಣಗಿದ ಬೋರ್‌ಗಳನ್ನೂ ಬಿಡಬೇಡಿ. ಒಂದೇ ಜಾಗದಲ್ಲಿ ಮೂರು ಬೋರ್ ತೆಗೆದು ಎರಡು ಒಣಗಿದ್ದರೆ ಅದೇ ಒಂದು ಸಾಕ್ಷಿ.

ಬೋರ್ ತೆಗೆಸಿದವರಲ್ಲಿ ಮೂರು ಪ್ರಶ್ನೆ ಕೇಳಿ. ಎಷ್ಟು ಆಳ? ಕೇಸಿಂಗ್ ಪೈಪ್ (ಬೋರಿನ ಮೇಲ್ಭಾಗದ ಮಣ್ಣು ಕುಸಿಯದಂತೆ ಇಳಿಸುವ ಪೈಪ್) ಎಷ್ಟು ಅಡಿ ಇಳಿಸಿದ್ದಾರೆ? ಮೊದಲ ನೀರು ಎಷ್ಟು ಅಡಿಯಲ್ಲಿ ಸಿಕ್ಕಿತು? ಕೇಸಿಂಗ್ ಪ್ರಶ್ನೆ ಬಹಳ ಮುಖ್ಯ. ಕೇಸಿಂಗ್ ಗಟ್ಟಿ ಬಂಡೆಗೆ ಸರಿಯಾಗಿ ಕೂರದಿದ್ದರೆ ಮೇಲಿನ ಮುರಕಲ್ಲಿನ ನೀರು ಪೈಪಿನ ಹೊರಬದಿಯಿಂದ ಬೋರಿನೊಳಗೆ ಇಳಿಯುತ್ತದೆ. ಆಗ 500 ಅಡಿಯ ಬೋರ್ ಪಕ್ಕದ ಮನೆಯ 40 ಅಡಿ ಬಾವಿಯ ನೀರನ್ನೇ ಕುಡಿಯುತ್ತಿರುತ್ತದೆ. ಬೋರಿನ ಮಾಲಿಕರಿಗೂ ಇದು ಗೊತ್ತಿರುವುದಿಲ್ಲ.

ಮೂರನೇ ಹೆಜ್ಜೆ: ಅಳೆಯಿರಿ, ಬರೆಯಿರಿ

ಬೇಕಾದ್ದು ಒಂದು ಉದ್ದ ಟೇಪ್, ಅದರ ತುದಿಗೆ ಕಟ್ಟಲು ಭಾರ, ಒಂದು ನೋಟ್‌ಬುಕ್. ಇಡೀ ಬೈಲಿಗೆ ಆರೇಳು ಬಾವಿ ಆರಿಸಿಕೊಳ್ಳಿ. ಪದವಿನ ಬುಡದಲ್ಲಿ ಒಂದೆರಡು, ಗುಡ್ಡೆಯ ಬದಿಯಲ್ಲಿ ಒಂದೆರಡು, ಉಳಿದದ್ದು ತೋಡಿನ ಹತ್ತಿರ. "ಮಾವ, ತಿಂಗಳಿಗೊಮ್ಮೆ ನಿಮ್ಮ ಬಾವಿ ಅಳೆಯಬಹುದಾ?" ಎಂದು ಕೇಳಿದರೆ ಬೇಡ ಎನ್ನುವವರು ಕಡಿಮೆ.

ಬಾವಿಕಟ್ಟೆಯ ಮೇಲೆ ಪೈಂಟಿನಲ್ಲಿ ಒಂದು ಗುರುತು ಹಾಕಿ. ಪ್ರತಿ ಸಲ ಆ ಗುರುತಿನಿಂದಲೇ ಅಳೆಯಬೇಕು. ಬೆಳಗ್ಗೆ ಪಂಪ್ ಹಾಕುವ ಮೊದಲು ಅಳೆಯಿರಿ. ಗುರುತಿನಿಂದ ನೀರಿನವರೆಗಿನ ಅಳತೆಯಲ್ಲಿ ಕಟ್ಟೆಯ ಎತ್ತರ ಕಳೆದರೆ ನೆಲಮಟ್ಟದಿಂದ ಎಷ್ಟು ಕೆಳಗೆ ನೀರಿದೆ ಎಂದು ಸಿಗುತ್ತದೆ. ಕೇಂದ್ರ ಅಂತರ್ಜಲ ಮಂಡಳಿಯವರು ತಮ್ಮ ವೀಕ್ಷಣಾ ಬಾವಿಗಳನ್ನು ವರ್ಷಕ್ಕೆ ನಾಲ್ಕು ಸಲ ಅಳೆಯುತ್ತಾರೆ. ನಾವು ತಿಂಗಳಿಗೊಮ್ಮೆ ಅಳೆಯೋಣ, ಮಾರ್ಚ್‌ನಿಂದ ಮೇವರೆಗೆ ವಾರಕ್ಕೊಮ್ಮೆ. ಮಂಡಳಿಯ ಅಂದಾಜು ಬ್ಲಾಕ್ ಮಟ್ಟದ್ದು. ಕುಂಬಳೆಯ ಕರಾವಳಿಯೂ ಬದಿಯಡ್ಕದ ಗುಡ್ಡೆಯೂ ಒಂದೇ ಬ್ಲಾಕಿನಲ್ಲಿವೆ, ಒಂದೇ ಸರಾಸರಿ ಅಂಕೆಯೊಳಗೆ ಬರುತ್ತವೆ. ನಿಮ್ಮ ಬೈಲಿನ ಕತೆ ಅದರಲ್ಲಿ ಕಾಣುವುದಿಲ್ಲ.

ಅಡಿಯನ್ನು ಲೀಟರಿಗೆ ತಿರುಗಿಸುವುದೂ ಕಷ್ಟವಲ್ಲ. ಮೂರು ಮೀಟರ್ ಅಡ್ಡಳತೆಯ ದುಂಡು ಬಾವಿಯಲ್ಲಿ ಒಂದು ಸೆಂಟಿಮೀಟರ್ ನೀರು ಅಂದರೆ ಸುಮಾರು 70 ಲೀಟರ್. ಒಂದು ಗಂಟೆ ಪಂಪ್ ಮಾಡಿದ ಮೇಲೆ ಬಾವಿ ಮತ್ತೆ ಹಳೆಯ ಮಟ್ಟಕ್ಕೆ ಬರಲು ಎಷ್ಟು ಹೊತ್ತು ಬೇಕು ಎಂದೂ ನೋಡಿ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆ ಸಾಕಾಗುತ್ತಿದ್ದದ್ದು ಏಪ್ರಿಲ್‌ನಲ್ಲಿ ಇಡೀ ದಿನ ಬೇಕಾದರೆ ಬಾವಿಗೆ ಬರುವ ಒಳಹರಿವು ಎಷ್ಟು ಕುಗ್ಗಿದೆ ಎಂದು ಗೊತ್ತಾಗುತ್ತದೆ.

ಸುರಂಗ ಮತ್ತು ಒರತೆಗೆ ಬಕೆಟ್ ಸಾಕು. 15 ಲೀಟರಿನ ಬಕೆಟ್ ತುಂಬಲು ಒಂದು ನಿಮಿಷ ಹಿಡಿದರೆ ದಿನಕ್ಕೆ 21,600 ಲೀಟರ್. ಬಾವಿಯ ನೀರು ಪಂಪಿನಿಂದ ಏರುಪೇರಾಗುತ್ತದೆ, ಸುರಂಗದ ಹರಿವಿಗೆ ಆ ಗೋಜು ಇಲ್ಲ. ಹಾಗಾಗಿ ಗುಡ್ಡೆಯ ಆರೋಗ್ಯ ತಿಳಿಯಲು ಸುರಂಗದಷ್ಟು ಒಳ್ಳೆಯ ಮಾಪಕ ಇನ್ನೊಂದಿಲ್ಲ ಎಂದು ನನಗನಿಸುತ್ತದೆ. ಬೈಲಿನಲ್ಲಿ ಒಂದೇ ಒಂದು ಜೀವಂತ ಸುರಂಗ ಇದ್ದರೂ ಮೊದಲು ಅದನ್ನೇ ಅಳೆಯಿರಿ.

ಮಳೆಯ ಲೆಕ್ಕವೂ ಜೊತೆಗಿರಲಿ. ಸಾಧಾರಣ ಮಳೆಮಾಪಕ ಒಂದನ್ನು ಬಯಲಿನಲ್ಲಿ ನಿಲ್ಲಿಸಿ ದಿನಾ ಬೆಳಗ್ಗೆ ಎಂಟೂವರೆಗೆ ಓದಿ. ನಮ್ಮೂರಿನ ಅಡಕೆ ಕೃಷಿಕರಲ್ಲಿ ಈ ಅಭ್ಯಾಸ ಇರುವವರು ಎಷ್ಟೋ ಮಂದಿ ಇದ್ದಾರೆ. ಅವರ ಹಳೆಯ ಡೈರಿಗಳನ್ನು ಕೇಳಿ ಪಡೆಯಿರಿ.

ಬೋರಿಗೂ ಬಾವಿಗೂ ನಂಟಿದೆಯೇ? ಒಂದು ಪರೀಕ್ಷೆ

ಬೈಲಿನ ಜಗಳಗಳಲ್ಲಿ ಅರ್ಧ ಇದೇ. "ನಿಮ್ಮ ಬೋರಿನಿಂದ ನಮ್ಮ ಬಾವಿ ಒಣಗಿತು" ಎಂದು ಒಬ್ಬರು, "ಬೋರ್ ಐನೂರು ಅಡಿ ಕೆಳಗೆ, ನಿಮ್ಮ ಬಾವಿಗೇನು ಸಂಬಂಧ?" ಎಂದು ಇನ್ನೊಬ್ಬರು. ಬಾಯಿಜಗಳ ಮಾಡುವುದಕ್ಕಿಂತ ಒಂದು ದಿನ ಒಟ್ಟಿಗೆ ಕೂತು ಅಳೆಯುವುದು ಒಳ್ಳೆಯದು. ಬೋರಿನವರ ಒಪ್ಪಿಗೆ ಇಲ್ಲದೆ ಇದು ಆಗದು, ಹಾಗಾಗಿ ಕೇಳುವ ರೀತಿ ನಯವಾಗಿರಲಿ.

ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ ಒಂದು ದಿನ ನಿಗದಿ ಮಾಡಿ. ಹಿಂದಿನ ಸಂಜೆಯಿಂದಲೇ ಸುತ್ತಲಿನ ಪಂಪ್‌ಗಳೆಲ್ಲ ನಿಲ್ಲಬೇಕು. ಬೆಳಗ್ಗೆ ಆರಕ್ಕೆ ಎಲ್ಲ ಬಾವಿ ಅಳೆಯಿರಿ. ಆಮೇಲೆ ಬೋರ್ ಒಂದನ್ನೇ ಚಾಲು ಮಾಡಿ ಆರು ಗಂಟೆ ಓಡಿಸಿ. ಅರ್ಧ ಗಂಟೆಗೊಮ್ಮೆ ಪ್ರತಿ ಬಾವಿಯ ಮಟ್ಟ ಬರೆಯಿರಿ. ಬೋರ್ ನಿಲ್ಲಿಸಿದ ಮೇಲೂ ಸಂಜೆವರೆಗೆ ಅಳೆಯಿರಿ. ಒಂದು ಬಾವಿ ಬೋರಿನ ಜೊತೆಗೇ ಇಳಿದು, ನಿಲ್ಲಿಸಿದ ಮೇಲೆ ಏರತೊಡಗಿದರೆ ನಂಟು ಇದೆ ಎಂದರ್ಥ. ಹತ್ತಿರದ ಬಾವಿ ಅಲುಗಾಡದೆ ದೂರದ ಬಾವಿ ಇಳಿಯುವುದೂ ಉಂಟು, ಏಕೆಂದರೆ ಬಂಡೆಯ ಬಿರುಕು ನಮ್ಮ ಬೇಲಿಯ ಲೆಕ್ಕ ನೋಡುವುದಿಲ್ಲ. ಏನೂ ಇಳಿಯದಿದ್ದರೆ? ನಂಟೇ ಇಲ್ಲವೆಂದು ಒಂದೇ ದಿನದಲ್ಲಿ ತೀರ್ಮಾನ ಮಾಡಬೇಡಿ. ನಿಧಾನವಾದ ಪರಿಣಾಮ ತಿಂಗಳುಗಳ ದಾಖಲೆಯಲ್ಲಿ ಮಾತ್ರ ಕಾಣುತ್ತದೆ. ಎರಡೂ ಕಡೆಯವರ ಸಹಿ ಆ ಹಾಳೆಯ ಮೇಲಿರಲಿ.

ನಾಲ್ಕನೇ ಹೆಜ್ಜೆ: ಇಂಗಿಸುವುದು, ತಡೆಯುವುದು

ಮೇಲಿನಿಂದ ಶುರು ಮಾಡಿ. ಪದವನ್ನು ಕಡತಗಳಲ್ಲಿ ಪಾಳು ಭೂಮಿ ಎಂದು ಬರೆದಿರುತ್ತಾರೆ. ಬೇಸಗೆಯಲ್ಲಿ ನೋಡಿದರೆ ಹಾಗೆಯೇ ಕಾಣುತ್ತದೆ. ಮುಳಿಹುಲ್ಲು ಒಣಗಿ, ಕಪ್ಪು ಕಲ್ಲು ಕಾದು, ನೆರಳೇ ಇಲ್ಲದ ಜಾಗ. ಮಳೆಗಾಲದಲ್ಲಿ ಹೋಗಿ ನೋಡಿ. ಪಳ್ಳಗಳು ತುಂಬಿ, ನೀರು ಬಿರುಕುಗಳಲ್ಲಿ ಗುಳುಗುಳು ಇಳಿಯುತ್ತಿರುತ್ತದೆ. ಕೆಳಗಿನ ಸುರಂಗಕ್ಕೂ ಬಾವಿಗೂ ನೀರು ಇಳಿಯುವ ದಾರಿ ಅದು. ಇಂಥ ಪದವಿನಲ್ಲಿ ಇಂಗುಗುಂಡಿ ತೋಡುವ ಅಗತ್ಯವೇ ಇಲ್ಲ. ಇರುವುದನ್ನು ಕೆಡಿಸದಿದ್ದರೆ ಸಾಕು. ಪಳ್ಳದ ಹೂಳು ತೆಗೆಯುವಾಗ ಜೆಸಿಬಿಯವನಿಗೆ ಪೂರ್ತಿ ಬಿಟ್ಟುಕೊಟ್ಟರೆ ನೀರು ಹಿಡಿದಿಡುವ ತಳದ ಮಣ್ಣನ್ನೇ ಕಿತ್ತು ಹಾಕುತ್ತಾನೆ. ಆಮೇಲೆ ಆ ಪಳ್ಳದಲ್ಲಿ ನೀರು ನಿಲ್ಲುವುದಿಲ್ಲ.

ಕೋರೆಯ ತೊಂದರೆ ಇಲ್ಲೇ ಇರುವುದು. ಮುರಕಲ್ಲನ್ನು ಜೇಡಿಯವರೆಗೆ ಕಡಿದು ತೆಗೆದರೆ ನೀರು ಶೇಖರವಾಗುವ ಪದರವೇ ಹೋಗುತ್ತದೆ. ಬಿಟ್ಟ ಕೋರೆಯಲ್ಲಿ ನೀರು ನಿಂತದ್ದು ಕಂಡು 'ಮಳೆಕೊಯ್ಲು ಆಯಿತು' ಎಂದು ಖುಷಿಪಡುವವರಿದ್ದಾರೆ. ನಿಂತದ್ದು ತಳದಲ್ಲಿ ಜೇಡಿ ಇರುವುದರಿಂದ. ಅದು ತೋಟಕ್ಕೆ ಕೆರೆಯಾಗಿ ಉಪಯೋಗಕ್ಕೆ ಬಂದೀತು, ಆದರೆ ಇಂಗುವುದು ಕಡಿಮೆ.

ಗುಡ್ಡೆಯ ಬದಿಯಲ್ಲಿ ಇಂಗುಗುಂಡಿ ತೋಡುವ ಮೊದಲು ಒಂದು ಪರೀಕ್ಷೆ ಮಾಡಿ. ಒಂದಡಿ ಆಳದ ಗುಂಡಿ ತೆಗೆದು ನೀರು ತುಂಬಿಸಿ. ಒಂದೆರಡು ಗಂಟೆಯಲ್ಲಿ ಇಳಿದರೆ ಅಲ್ಲಿ ಕೆಲಸವಾಗುತ್ತದೆ. ಮರುದಿನವೂ ನೀರು ಹಾಗೇ ಇದ್ದರೆ ಆ ಜಾಗ ಸುಮ್ನೆ ಸೊಳ್ಳೆಗೆ. ಕಡಿದಾದ ಇಳಿಜಾರಿನಲ್ಲಿ, ಅದರಲ್ಲೂ ಮನೆಯ ಮೇಲ್ಬದಿಯಲ್ಲಿ, ಇಂಗುಗುಂಡಿ ಬೇಡವೇ ಬೇಡ. ಜೇಡಿಯ ಮೇಲೆ ಕೂತ ಮಣ್ಣಿಗೆ ನೀರು ತುಂಬಿದರೆ ಗುಡ್ಡೆ ಜಾರಬಹುದು. 2018, 2019ರ ಮಳೆಗಾಲ ಕೇರಳಕ್ಕೆ ಏನು ಮಾಡಿತೆಂದು ಎಲ್ಲರಿಗೂ ನೆನಪಿದೆ ಅಲ್ವಾ? ಅಂಥಲ್ಲಿ ಹುಲ್ಲು, ಗಿಡ, ಸೊಪ್ಪಿನ ಹೊದಿಕೆ ಸಾಕು.

ಮನೆ ಮಾಡಿನ ನೀರನ್ನು ಬಾವಿಗೆ ಬಿಡುವುದು ಎಲ್ಲರೂ ಮಾಡಬಹುದಾದ ಕೆಲಸ. 1000 ಚದರಡಿ ಮಾಡಿಗೆ ನಮ್ಮ ಮಳೆಯಲ್ಲಿ ವರ್ಷಕ್ಕೆ ಮೂರು ಲಕ್ಷ ಲೀಟರಿಗಿಂತ ಜಾಸ್ತಿ ನೀರು ಬೀಳುತ್ತದೆ. ಸೋರಿದ್ದು, ಚೆಲ್ಲಿದ್ದು ಕಳೆದರೂ ಎರಡೂವರೆ ಲಕ್ಷ ಸಿಗುತ್ತದೆ. ಮೊದಲ ಕೆಲವು ಮಳೆಯ ನೀರನ್ನು ಹೊರಗೆ ಬಿಡಿ. ಆಮೇಲೆ ಜಲ್ಲಿ, ಇದ್ದಿಲು, ಮರಳು ತುಂಬಿಸಿದ ಡ್ರಮ್ಮಿನ ಮೂಲಕ ಬಾವಿಗೆ ಬಿಡಿ. ತೃಶ್ಶೂರು ಜಿಲ್ಲೆಯಲ್ಲಿ 2008ರಿಂದ 'ಮಳಪ್ಪೊಲಿಮ' ಎಂಬ ಹೆಸರಿನಲ್ಲಿ ಇದೇ ಕೆಲಸ ಊರೂರಲ್ಲಿ ನಡೆದಿದೆ. ಒಂದು ಎಚ್ಚರಿಕೆ: ಗುಡ್ಡೆಯ ತುದಿಯ ಬಾವಿಗೆ ಬಿಟ್ಟ ನೀರು ನಿಮ್ಮ ಬಾವಿಯಲ್ಲೇ ಮೇವರೆಗೆ ಕಾಯುತ್ತದೆಂದು ಭಾವಿಸಬೇಡಿ. ಬಹುಪಾಲು ಕೆಳಗಿನ ಮನೆಯ ಬಾವಿಗೆ ಹೋಗುತ್ತದೆ. ಬೈಲು ಒಟ್ಟಾಗಿ ಮಾಡಬೇಕು ಎನ್ನುವುದು ಅದಕ್ಕೇ.

ಬೈಲಿನ ತಳದಲ್ಲಿ ಕಟ್ಟ. ಹಿಂಗಾರು ಮಳೆ ಬಿಟ್ಟು ತೋಡಿನ ರಭಸ ಇಳಿದ ಕೂಡಲೇ, ನವೆಂಬರ್ ಕೊನೆ, ಡಿಸೆಂಬರ್ ಹೊತ್ತಿಗೆ ಹಾಕಬೇಕು. ಜನವರಿಯಲ್ಲಿ ನೆನಪಾದರೆ ಹಿಡಿಯಲು ನೀರೇ ಇರುವುದಿಲ್ಲ. ಕಲ್ಲು, ಮಣ್ಣು, ಅಡಕೆ ಮರ, ಮಧ್ಯೆ ಪ್ಲಾಸ್ಟಿಕ್ ಶೀಟ್. ಒಂದೇ ದೊಡ್ಡ ಕಟ್ಟಕ್ಕಿಂತ ಸಾಲು ಸಾಲು ಸಣ್ಣ ಕಟ್ಟಗಳು ಒಳ್ಳೆಯದು. ಕೆಳಗಿನ ಕಟ್ಟದ ಹಿನ್ನೀರು ಮೇಲಿನ ಕಟ್ಟದ ಬುಡ ಮುಟ್ಟುವ ಹಾಗೆ ಹಾಕಿದರೆ ಇಡೀ ತೋಡೇ ಬಾವಿಗಳಿಗೆ ನೀರೂಡುತ್ತದೆ. ನಮ್ಮ ಜಿಲ್ಲೆಯ ಏತಡ್ಕದ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಅವರಲ್ಲಿ ಹೋಗಿ ನೋಡಿ ಕಲಿಯಬೇಕು. ಗೊಬ್ಬರದ ಪ್ಲಾಸ್ಟಿಕ್ ಗೋಣಿಯಲ್ಲಿ ಮರಳು ತುಂಬಿಸಿ ಹಾಕುವುದು ಸುಲಭ ನಿಜ. ಬಿಸಿಲಿಗೆ ಹುಡಿಯಾಗಿ ತೋಡು ತುಂಬ ಪ್ಲಾಸ್ಟಿಕ್ ಆಗುತ್ತದೆ. ಹಾಕಿದವರೇ ಮಳೆಗೆ ಮೊದಲು ತೆಗೆಯಬೇಕು.

ಐದನೇ ಹೆಜ್ಜೆ: ಎಳೆಯುವುದನ್ನು ಕಡಿಮೆ ಮಾಡಿ

ಇಂಗುಗುಂಡಿಯ ಫೋಟೊ ತೆಗೆಯಬಹುದು, ಉದ್ಘಾಟನೆ ಮಾಡಬಹುದು. ಪಂಪ್ ಒಂದು ಗಂಟೆ ಮೊದಲು ನಿಲ್ಲಿಸಿದ್ದರ ಫೋಟೊ ಯಾರೂ ತೆಗೆಯುವುದಿಲ್ಲ. ಆದರೆ ನಿಜವಾದ ಉಳಿತಾಯ ಅಲ್ಲೇ.

ಅಡಕೆಗೆ ಹನಿ ನೀರಾವರಿಯಲ್ಲಿ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು ಎಂಬುದು ಕಾಸರಗೋಡಿನ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ (ಸಿಪಿಸಿಆರ್‌ಐ) ಶಿಫಾರಸು. ಒಂದು ಎಕರೆಯಲ್ಲಿ ಸುಮಾರು 550 ಮರ ಹಿಡಿದರೆ ದಿನಕ್ಕೆ ಹತ್ತು ಸಾವಿರ ಲೀಟರ್. ನಿಮ್ಮ ಸ್ಪ್ರಿಂಕ್ಲರ್ ಗಂಟೆಗೆ ಎಷ್ಟು ಎರಚುತ್ತದೆ ಎಂದು ಬಕೆಟ್ ಹಿಡಿದು ಅಳೆದು, ಈ ಅಂಕೆಯ ಜೊತೆ ಹೋಲಿಸಿ. ಎಷ್ಟೋ ತೋಟಗಳಲ್ಲಿ ಈ ಲೆಕ್ಕವೇ ಆಗಿಲ್ಲ. ಬುಡಕ್ಕೆ ಸೋಗೆ, ಸೊಪ್ಪು ಹೊದಿಸಿದರೆ ತೇವ ಹೆಚ್ಚು ದಿನ ಇರುತ್ತದೆ. ಕಟ್ಟದ ನೀರನ್ನು ಮೇಲಿನ ತೋಟದವರು ಎರಡು ಪಂಪ್ ಇಟ್ಟು ಖಾಲಿ ಮಾಡಿದರೆ ಕಟ್ಟ ಹಾಕಿದ ಶ್ರಮವೂ ಹೋಯಿತು.

ಆರನೇ ಹೆಜ್ಜೆ: ನೀರಿನ ಗುಣ

ಮುರಕಲ್ಲು ನೀರನ್ನು ಬೇಗ ಇಳಿಸುತ್ತದೆ, ಕೊಳೆಯನ್ನೂ ಹಾಗೆಯೇ ಇಳಿಸುತ್ತದೆ. ಬಾವಿಯಿಂದ ಶೌಚದ ಗುಂಡಿ ಕನಿಷ್ಠ 7.5 ಮೀಟರ್ ದೂರ ಇರಬೇಕೆಂದು ಕೇರಳದ ಕಟ್ಟಡ ನಿಯಮ ಹೇಳುತ್ತದೆ. ನಮ್ಮ ಮಣ್ಣಿಗೆ ಅದು ಕಡಿಮೆಯೇ. ಸಾಧ್ಯವಾದಷ್ಟು ದೂರ ಇಡಿ, ಬಾವಿಗಿಂತ ಕೆಳಬದಿಯಲ್ಲಿ ಇಡಿ.

ವರ್ಷಕ್ಕೆರಡು ಸಲ, ಮಳೆಯ ಮೊದಲು ಮತ್ತು ಮಳೆಯ ಮಧ್ಯೆ, ಪರೀಕ್ಷೆ ಮಾಡಿಸಿ. ಜಲ ಪ್ರಾಧಿಕಾರದ ಲ್ಯಾಬ್ ಇದೆ, ಹರಿತ ಕೇರಳಂ ಮಿಷನ್ ಮೂಲಕ ಶಾಲೆಗಳಲ್ಲಿ ಶುರುವಾದ ಲ್ಯಾಬ್‌ಗಳೂ ಇವೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. 100 ಮಿಲಿಲೀಟರ್ ನೀರಿನಲ್ಲಿ ಇ-ಕೋಲಿ ಒಂದೂ ಇರಬಾರದು. ಪಿಎಚ್ 6.5ರಿಂದ 8.5ರ ಒಳಗಿರಬೇಕು. ಮುರಕಲ್ಲು ಬಾವಿಗಳಲ್ಲಿ ಪಿಎಚ್ ಇದಕ್ಕಿಂತ ಕೆಳಗಿರುವುದು ಸಾಮಾನ್ಯ, ಗಾಬರಿ ಬೇಡ. ಇ-ಕೋಲಿ ಬಂದರೆ ಮಾತ್ರ ಕುದಿಸದೆ ಕುಡಿಯಬೇಡಿ. ಕರಾವಳಿಯವರು ನೀರಿನಲ್ಲಿ ಕರಗಿದ ಉಪ್ಪಿನಂಶ ತೋರಿಸುವ ಅಗ್ಗದ ಟಿಡಿಎಸ್ ಮೀಟರ್ ಇಟ್ಟುಕೊಂಡು ಬೇಸಗೆಯಲ್ಲಿ ವಾರವಾರ ನೋಡಲಿ. ಅಂಕೆ ಏರುತ್ತಾ ಹೋದರೆ ಪಂಪ್ ಕಡಿಮೆ ಮಾಡಬೇಕಾದ ಸಮಯ ಬಂತು.

ಕೀಟನಾಶಕದ ವಿಷಯದಲ್ಲಿ ಎಣ್ಮಕಜೆಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. 2000ನೇ ಇಸವಿಯವರೆಗೆ ಎರಡು ದಶಕಕ್ಕೂ ಹೆಚ್ಚು ಕಾಲ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿದಾಗ ಕೆಳಗೆ ತೆರೆದ ತೋಡುಗಳೂ ಸುರಂಗದ ಕೆರೆಗಳೂ ಇದ್ದವು. ಸುಪ್ರೀಂ ಕೋರ್ಟ್ ಇಡೀ ದೇಶದಲ್ಲಿ ಆ ಕೀಟನಾಶಕವನ್ನೇ ತಡೆದದ್ದು 2011ರ ಮೇಯಲ್ಲಿ. ಕಳೆನಾಶಕ ಹೊಡೆಯುವವರು ಒರತೆಯ ಮೇಲ್ಬದಿಯನ್ನಾದರೂ ಬಿಡಲಿ.

ಏಳನೇ ಹೆಜ್ಜೆ: ಕಾನೂನಿನಲ್ಲಿ ಏನಿದೆ

ಮುಖ್ಯವಾದದ್ದು 2002ರ ಕೇರಳ ಭೂಜಲ ನಿಯಂತ್ರಣ ಕಾಯ್ದೆ. ಸರಕಾರ ಅಧಿಸೂಚನೆ ಹೊರಡಿಸಿದ ಪ್ರದೇಶದಲ್ಲಿ ಹೊಸ ಬಾವಿ, ಬೋರಿಗೆ ಭೂಜಲ ಪ್ರಾಧಿಕಾರದ ಅನುಮತಿ ಬೇಕು. ಸಾರ್ವಜನಿಕರಿಗಾಗಿ ಪಂಪ್ ಮಾಡುವ ಕುಡಿಯುವ ನೀರಿನ ಮೂಲದ 30 ಮೀಟರ್ ಒಳಗೆ ಅನುಮತಿ ಇಲ್ಲದೆ ಬಾವಿ ತೋಡುವಂತಿಲ್ಲ. ನಿಮ್ಮ ಜಾಗ ಅಧಿಸೂಚಿತ ಪ್ರದೇಶದಲ್ಲಿದೆಯೇ ಎಂದು ಭೂಜಲ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಬರಹದಲ್ಲೇ ಕೇಳಿ.

ಬೋರ್ ಲಾರಿ ರಾತ್ರಿ ಬಂದು ಬೆಳಗಾಗುವಾಗ ಕೆಲಸ ಮುಗಿಸಿ ಹೋಗುವುದು ನಮ್ಮಲ್ಲಿ ಹೊಸದಲ್ಲ. ಇಲ್ಲಿ ಉಪಯೋಗಕ್ಕೆ ಬರುವುದು ಸುಪ್ರೀಂ ಕೋರ್ಟಿನ 2010ರ ಆದೇಶ. ಮಕ್ಕಳು ತೆರೆದ ಬೋರಿಗೆ ಬೀಳುವುದನ್ನು ತಪ್ಪಿಸಲು ಬಂದ ಆದೇಶ ಅದು. ಅದರ ಪ್ರಕಾರ ಬೋರ್ ತೆಗೆಸುವವರು 15 ದಿನ ಮೊದಲೇ ಸ್ಥಳೀಯ ಅಧಿಕಾರಿಗಳಿಗೆ ಬರಹದಲ್ಲಿ ತಿಳಿಸಬೇಕು. ಕೊರೆಯುವ ಸಂಸ್ಥೆ ನೋಂದಣಿ ಆಗಿರಬೇಕು. ಬಿಟ್ಟ ಬೋರನ್ನು ಮುಚ್ಚಬೇಕು. ಅಂದರೆ ಪ್ರಶ್ನೆ ಕೇಳಲು ನಿಮಗೆ 15 ದಿನದ ಅವಕಾಶ ಇದೆ.

1994ರ ಕೇರಳ ಪಂಚಾಯತ್ ರಾಜ್ ಕಾಯ್ದೆಯ 218ನೇ ಕಲಮಿನ ಪ್ರಕಾರ ಸಾರ್ವಜನಿಕ ತೋಡು, ಒರತೆ, ಕೆರೆಗಳು ಗ್ರಾಮ ಪಂಚಾಯತಿಗೆ ಸೇರಿದ್ದು. 'ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ' ಎಂದರೆ ಈ ಕಲಮನ್ನು ನೆನಪಿಸಿ. ಗದ್ದೆ ತುಂಬಿಸುವುದರ ವಿರುದ್ಧ 2008ರ ಭತ್ತದ ಗದ್ದೆ ಮತ್ತು ಜೌಗು ಭೂಮಿ ಸಂರಕ್ಷಣಾ ಕಾಯ್ದೆ ಇದೆ. ನಿಮ್ಮ ಬೈಲಿನ ಗದ್ದೆ ಆ ಕಾಯ್ದೆಯ ಡೇಟಾ ಬ್ಯಾಂಕ್ ಎಂಬ ಗದ್ದೆಗಳ ಪಟ್ಟಿಯಲ್ಲಿ ಸೇರಿದೆಯೇ ಎಂದು ಕೃಷಿಭವನದಲ್ಲಿ ನೋಡಿ. ಮಳೆಗಾಲ ಪೂರ್ತಿ ನೀರು ನಿಲ್ಲುವ ಗದ್ದೆ ಸುತ್ತಲಿನ ಬಾವಿಗಳ ನೀರಿನ ಮಟ್ಟ ಹಿಡಿದಿಡುತ್ತದೆ.

ಕೋರೆಗಳಿಗೆ, ಐದು ಹೆಕ್ಟೇರಿಗಿಂತ ಸಣ್ಣದಾದರೂ, ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿತು. ಅನುಮತಿ ಪತ್ರದಲ್ಲಿ ಎಷ್ಟು ಆಳ, ಯಾವ ಷರತ್ತು ಎಂಬುದೆಲ್ಲ ಇರುತ್ತದೆ. ಪರಿಸರ ಅನುಮತಿಗಳ ಸರಕಾರಿ ಜಾಲತಾಣವಾದ ಪರಿವೇಶ್ ಪೋರ್ಟಲ್‌ನಲ್ಲಿ ಹುಡುಕಿ ಪ್ರಿಂಟ್ ತೆಗೆದು, ಕೋರೆಯನ್ನು ಅದರ ಜೊತೆ ಹೋಲಿಸಿ ನೋಡಿ.

ಎಂಟನೇ ಹೆಜ್ಜೆ: ಗ್ರಾಮಸಭೆ, ಅರ್ಜಿ, ನಮ್ಮ ಭಾಷೆ

ವಾರ್ಡಿನ ಗ್ರಾಮಸಭೆ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಕೋರಂ ಶೇ. 10. ಬಹಳ ಮಂದಿ ಸಬ್ಸಿಡಿ ಪಟ್ಟಿಯಲ್ಲಿ ಹೆಸರಿದೆಯೇ ನೋಡಿ ಎದ್ದು ಹೋಗುತ್ತಾರೆ. ಹಾಗಾಗಿ ಹತ್ತು ಮನೆಯವರು ತಯಾರಾಗಿ ಬಂದರೂ ಸಭೆಯ ದಿಕ್ಕೇ ಬದಲಾಗುತ್ತದೆ. ಕುಟುಂಬಶ್ರೀಯ ಅಕ್ಕಂದಿರಿಗೆ ಮೊದಲೇ ವಿಷಯ ಹೇಳಿ. ಬೇಸಗೆಯಲ್ಲಿ ಕೊಡ ಹೊರುವವರು ಅವರೇ. ಉದ್ಯೋಗ ಖಾತರಿಯ ಕೆಲಸ ಎಲ್ಲಿ ಆಗಬೇಕು, ಎಲ್ಲಿ ವ್ಯರ್ಥ ಎಂಬುದೂ ಅವರಿಗೆ ಚೆನ್ನಾಗಿ ಗೊತ್ತು.

'ಅಂತರ್ಜಲ ಉಳಿಸಿ' ಎಂದು ಬೇಡಿಕೆ ಇಟ್ಟರೆ ಎಲ್ಲರೂ ಹೌದು ಎನ್ನುತ್ತಾರೆ, ಏನೂ ಆಗುವುದಿಲ್ಲ. ಹೀಗೆ ಕೇಳಿ: ಇಂಥ ಸರ್ವೆ ನಂಬರಿನ ಮದಕದ ಹೂಳು ಈ ವರ್ಷದ ಯೋಜನೆಗೆ ಸೇರಿಸಿ, ಇಂಥ ತೋಡಿಗೆ ನವೆಂಬರ್ ಮುಗಿಯುವ ಮೊದಲು ನಾಲ್ಕು ಕಟ್ಟ, ವಾರ್ಡಿನ ಬೋರ್‌ಗಳ ಪಟ್ಟಿಯನ್ನು ನೋಟಿಸ್ ಬೋರ್ಡಿನಲ್ಲಿ ಹಾಕಿ. ನಿರ್ಣಯ ಮಿನಿಟ್ಸ್ ಪುಸ್ತಕದಲ್ಲಿ ದಾಖಲಾಗುವವರೆಗೆ ಏಳಬೇಡಿ.

ಉತ್ತರ ಬರದಿದ್ದರೆ ಮಾಹಿತಿ ಹಕ್ಕು. ಹತ್ತು ರೂಪಾಯಿ, 30 ದಿನ. ಕೇಳಬೇಕಾದ್ದು ಇಷ್ಟು:

- ಕಳೆದ ಐದು ವರ್ಷಗಳಲ್ಲಿ ಪಂಚಾಯತಿನಲ್ಲಿ ಬೋರಿಗೆ ಕೊಟ್ಟ ಅನುಮತಿಗಳ ಪಟ್ಟಿ
- ಹತ್ತಿರದ ವೀಕ್ಷಣಾ ಬಾವಿಯ ಹತ್ತು ವರ್ಷದ ನೀರಿನ ಮಟ್ಟ
- ಇಂಥ ಕೋರೆಯ ಅನುಮತಿ, ಷರತ್ತು, ತಪಾಸಣಾ ವರದಿಗಳ ಪ್ರತಿ

ಇದನ್ನೆಲ್ಲ ಕನ್ನಡದಲ್ಲೇ ಬರೆಯಬಹುದು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಕನ್ನಡ ಅಲ್ಪಸಂಖ್ಯಾತರು ಸೆಕ್ರೆಟರಿಯೇಟ್, ಇಲಾಖಾ ಮುಖ್ಯಸ್ಥರು ಮತ್ತು ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳ ಜೊತೆ ಕನ್ನಡದಲ್ಲಿ ವ್ಯವಹರಿಸಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡಬಹುದು ಎಂದು ಸಂವಿಧಾನದ 350ನೇ ವಿಧಿಯೂ ಹೇಳುತ್ತದೆ. ಈ ಹಕ್ಕನ್ನು ಬಿಡಬೇಡಿ. ಆದರೆ ಕೆಲಸ ಬೇಗ ಆಗಬೇಕಿದ್ದರೆ ಜೊತೆಗೊಂದು ಮಲಯಾಳಂ ಪ್ರತಿಯನ್ನೂ ಲಗತ್ತಿಸಿ. ಹಕ್ಕಿನ ಪ್ರಶ್ನೆಯಲ್ಲಿ ಬಾವಿಯ ಪ್ರಶ್ನೆ ಸಿಕ್ಕಿಹಾಕಿಕೊಂಡು ಕಡತ ಮೇಜಿನ ಮೇಲೇ ಉಳಿಯುವುದು ಬೇಡ.

ಹೋರಾಟ ಕೋರ್ಟಿಗೆ ಹೋಗುವಂಥದ್ದಾದರೆ ಪಾಲಕ್ಕಾಡಿನ ಪ್ಲಾಚಿಮಡದ ಕತೆಯನ್ನು ಪೂರ್ತಿ ಓದಿ. ಕೋಕಾ-ಕೋಲಾ ಘಟಕ ಶುರುವಾದದ್ದು 2000ದಲ್ಲಿ. ಮಯಿಲಮ್ಮ ಮೊದಲಾದ ಆದಿವಾಸಿ ಹೆಂಗಸರು ಬಾವಿ ನೀರು ಕೆಟ್ಟಿತೆಂದು ಧರಣಿ ಕೂತರು. 2003ರಲ್ಲಿ ಪೆರುಮಾಟ್ಟಿ ಪಂಚಾಯತ್ ಲೈಸೆನ್ಸ್ ನವೀಕರಿಸಲಿಲ್ಲ. ಅದೇ ವರ್ಷ ಡಿಸೆಂಬರ್‌ನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ, ಅಂತರ್ಜಲ ಜನರ ಸೊತ್ತು, ಸರಕಾರ ಅದರ ಪಾಲಕ ಮಾತ್ರ ಎಂದಿತು. ಇಷ್ಟನ್ನೇ ಎಲ್ಲರೂ ಭಾಷಣದಲ್ಲಿ ಹೇಳುವುದು. 2005ರಲ್ಲಿ ವಿಭಾಗೀಯ ಪೀಠ ಅದನ್ನು ಬದಲಿಸಿ, ತಜ್ಞರ ವರದಿಯ ಆಧಾರದಲ್ಲಿ ದಿನಕ್ಕೆ ಐದು ಲಕ್ಷ ಲೀಟರ್ ತೆಗೆಯಬಹುದೆಂದಿತು. ಘಟಕ 2004ರಲ್ಲಿ ನಿಂತದ್ದು ಮತ್ತೆ ತೆರೆಯಲಿಲ್ಲ, ಅದು ಜನರ ಗೆಲುವು. ಕೋರ್ಟಿನೊಳಗೆ ಮಾತ್ರ ಮಾತಾಡಿದ್ದು ಲೀಟರಿನ ಲೆಕ್ಕ. ಜನರ ಕೈಯಲ್ಲಿ ಅವರದ್ದೇ ಆದ, ವರ್ಷಗಳ ಅಳತೆಯ ಪುಸ್ತಕ ಇದ್ದರೆ ತಜ್ಞರ ವರದಿಯನ್ನು ಪ್ರಶ್ನಿಸುವುದು ಸುಲಭ.

ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ ಚೆನ್ನೈಯಲ್ಲಿದೆ. ತೊಂದರೆ ಶುರುವಾಗಿ ಆರು ತಿಂಗಳೊಳಗೆ ಅರ್ಜಿ ಹಾಕಬೇಕು, ಕಾರಣ ಕೊಟ್ಟರೆ ಇನ್ನೂ 60 ದಿನ ಸಿಗಬಹುದು. 'ಮುಂದಿನ ಬೇಸಗೆ ನೋಡೋಣ' ಎಂದು ಕಾದರೆ ಆ ಬಾಗಿಲು ಮುಚ್ಚಿರುತ್ತದೆ.

ಬೈಲಿನೊಳಗಿನ ಒಪ್ಪಂದ

ಹೊರಗಿನವರ ವಿರುದ್ಧ ಒಟ್ಟಾಗುವುದು ಸುಲಭ. ದಾಯಾದಿಯ ಬೋರಿನ ಬಗ್ಗೆ ಮಾತಾಡುವುದು ಕಷ್ಟ. ದೇವಸ್ಥಾನದ ಜಾತ್ರೆ, ಮದುವೆ, ಬೊಜ್ಜ ಎಲ್ಲದರಲ್ಲೂ ಮುಖ ನೋಡಬೇಕಾದವರು. ಅದಕ್ಕೇ ಈ ಕೆಲಸವನ್ನು ಕೊನೆಗೆ ಇಟ್ಟದ್ದು. ಒಂದು ವರ್ಷದ ಅಳತೆ ಕೈಯಲ್ಲಿದ್ದಾಗ ಮಾತು ವ್ಯಕ್ತಿಯ ಮೇಲೆ ಹೋಗದೆ ಪುಸ್ತಕದ ಮೇಲೆ ನಿಲ್ಲುತ್ತದೆ.

ಕಟ್ಟದ ಕೆಲಸಕ್ಕೆ ಎಲ್ಲರೂ ಸೇರುವ ದಿನವೇ ಕೂತು ಮಾತಾಡಿ. ಹೊಸ ಬೋರ್ ಬೇಕೆನಿಸಿದರೆ ಮೊದಲು ಬೈಲಿನವರಿಗೆ ಹೇಳಬೇಕು. ಮಾರ್ಚ್‌ನಿಂದ ಮೇವರೆಗೆ ಯಾರ ಪಂಪ್ ಯಾವ ದಿನ, ಎಷ್ಟು ಗಂಟೆ ಎಂದು ನಿಗದಿಯಾಗಬೇಕು. ಕುಡಿಯುವ ನೀರಿನ ಬಾವಿ ಇಷ್ಟು ಮೀಟರಿಗಿಂತ ಕೆಳಗಿಳಿದರೆ ಹತ್ತಿರದ ಬೋರ್ ತೋಟಕ್ಕೆ ಬಿಡುವುದನ್ನು ನಿಲ್ಲಿಸಬೇಕು. ಆ ಮಟ್ಟ ಎಷ್ಟು ಎಂಬುದು ನಿಮ್ಮ ನೋಟ್‌ಬುಕ್ಕಿನಲ್ಲೇ ಸಿಗುತ್ತದೆ, ಬಾವಿಯ ಒಳಗೋಡೆಗೆ ಕೆಂಪು ಗೆರೆ ಹಾಕಿಬಿಡಿ. ನೀರು ಬಿಟ್ಟುಕೊಟ್ಟವರ ತೋಟಕ್ಕೆ ನಷ್ಟವಾದರೆ ಉಳಿದವರು ಹೇಗೆ ತುಂಬಿಕೊಡುತ್ತಾರೆ ಎಂಬುದನ್ನೂ ಬರೆಯಿರಿ. ಇದನ್ನು ಬರೆಯದ ಒಪ್ಪಂದ ಮೊದಲ ಬರಗಾಲದಲ್ಲೇ ಮುರಿಯುತ್ತದೆ. ಸಹಿಯಾದ ಮೇಲೆ ಒಂದು ಪ್ರತಿ ವಾರ್ಡ್ ಮೆಂಬರರಿಗೆ ಕೊಡಿ, ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಮತ್ತೊಮ್ಮೆ ಕೂತು ಯಾವ ಷರತ್ತು ನಡೆಯಿತು, ಯಾವುದು ನಡೆಯಲಿಲ್ಲ ಎಂದು ತಿದ್ದಿ.